ಮನೆಗೆ ಕರೆಂಟ್ ಬರುವ ದಾರಿ

ಬಲ್ಬು ಹತ್ತಿದಾಗ ಮೂವತ್ತನಾಲ್ಕು ಮಕ್ಕಳು ಒಟ್ಟಿಗೆ ಕೂಗಿಕೊಂಡರು. ಪಕ್ಕದ ಕೋಣೆಯಲ್ಲಿ ಮಗ್ಗಿ ಹೇಳಿಸುತ್ತಿದ್ದ ಮೇಷ್ಟ್ರು ಏನೋ ಅನಾಹುತವಾಯಿತೆಂದು ಓಡಿಬಂದರು. ಬಂದು ನೋಡಿದರೆ ಗುಜರಿ ಅಂಗಡಿಯ ಹೆಂಗಸೊಬ್ಬಳು ನಾಲ್ಕನೇ ತರಗತಿಯ ನೆಲದ ಮೇಲೆ ಕೂತಿದ್ದಾಳೆ, ಸುತ್ತ ಮಕ್ಕಳು, ನಡುವೆ ಕಡಲೆಕಾಳಿನಷ್ಟು ಬೆಳಕು. ಮೇಷ್ಟ್ರು ಮೂಗು ಮುರಿದು ಹೋದರು. ಅವರ ಮೂಗು ಅವರ ಹತ್ತಿರವೇ ಇರಲಿ.

ಆ ಹೆಂಗಸನ್ನು ಎಲ್ಲರೂ ತಂತಿಯಕ್ಕ ಎನ್ನುತ್ತಿದ್ದರು. ಅದು ಅವಳ ಹೆಸರಲ್ಲ, ಕೆಲಸ. ಗುಜರಿ ಅಂಗಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಹನ್ನೊಂದು ವರ್ಷದಿಂದ ಕುಕ್ಕರುಗಾಲಿನಲ್ಲಿ ಕೂತು ಹಳೆ ವೈರು ಸುಲಿಯುತ್ತಿದ್ದಳು. ಮರದ ಹಲಗೆಗೆ ಒಂದು ಬ್ಲೇಡನ್ನು ಬಿಗಿದು ನಿಲ್ಲಿಸಿರುತ್ತಾರೆ. ವೈರಿನ ತುದಿಯನ್ನು ಅದರ ಬಾಯಿಗೆ ಕೊಟ್ಟು ಎಳೆಯಬೇಕು. ಸಿಪ್ಪೆ ಒಂದು ಕಡೆ, ತಾಮ್ರ ಒಂದು ಕಡೆ. ಒಂದು ಕ್ಷಣ ಮೈಮರೆತರೆ ಬೆರಳು ಮೂರನೇ ಕಡೆ. ಎಡಗೈ ತೋರುಬೆರಳಿನ ತುದಿ ಹಾಗೇ ಹೋಗಿತ್ತು. ಸಂಜೆ ಎದ್ದು ನಿಂತರೆ ಮಂಡಿ ಸದ್ದು ಮಾಡುತ್ತಿತ್ತು. ಅಂಗೈಯ ಕಪ್ಪು ಯಾವ ಸೋಪಿಗೂ ಬಗ್ಗುತ್ತಿರಲಿಲ್ಲ. ಅಂಗಡಿಗಳಲ್ಲಿ ಅವಳ ಕೈಗೆ ಚಿಲ್ಲರೆ ಕೊಡುತ್ತಿರಲಿಲ್ಲ, ಗಲ್ಲಾದ ಹಲಗೆಯ ಮೇಲೆ ಇಡುತ್ತಿದ್ದರು.

ಅವಳ ಗಂಡ ಲಾರಿಯ ಜೊತೆ ಹೋದವನು ಹದಿನೈದು ದಿನಕ್ಕೊಮ್ಮೆ ಬಂದು ಮುಖ ತೋರಿಸುತ್ತಿದ್ದ. ಮನೆಯಲ್ಲಿ ಇದ್ದದ್ದು ಅವಳು ಮತ್ತು ಒಂಬತ್ತು ವರ್ಷದ ಮಗಳು. ಮಗಳು ನಾಲ್ಕನೇ ತರಗತಿ. ಕೈಯಲ್ಲೂ ಬಾಯಲ್ಲೂ ಚುರುಕು, ಅದಕ್ಕೇ ಬೀದಿಯವರು ಚೂಟಿ ಎಂದು ಕರೆಯುತ್ತಿದ್ದರು.

ಟೀಚರ್ ಆ ಶೆಡ್ಡಿಗೆ ಬಂದದ್ದು ಒಂದು ಮಧ್ಯಾಹ್ನ. ಶಾಲೆಯವರು ಯಾರೂ ಅಲ್ಲಿಯವರೆಗೆ ಆ ಗೇಟು ದಾಟಿದವರಲ್ಲ. ಇವರು ಹೊಸಬರು, ಕೆಲಸಕ್ಕೆ ಸೇರಿ ಇನ್ನೂ ಮೂರು ತಿಂಗಳು. ಚಪ್ಪಲಿಗೆ ಎಣ್ಣೆ ಮಣ್ಣು ಮೆತ್ತಿಕೊಂಡರೂ ಲೆಕ್ಕಿಸದೆ ತಂತಿಯಕ್ಕನ ಎದುರಿಗೆ ಅವಳ ಹಾಗೆಯೇ ಕುಕ್ಕರುಗಾಲಿನಲ್ಲಿ ಕೂತರು.

“ಅಕ್ಕಾ, ಮಕ್ಕಳಿಗೆ ಕರೆಂಟಿನ ಪಾಠ ಮಾಡ್ಬೇಕು. ಪುಸ್ತಕದಲ್ಲಿ ಚಿತ್ರ ಇದೆ. ಆದ್ರೆ ಚಿತ್ರದ ಬಲ್ಬು ಹತ್ತಲ್ವಲ್ಲ. ನಂಗೆ ಸಣ್ಣ ವೈರು, ಹಳೇ ಟಾರ್ಚಿನ ಬಲ್ಬು, ಇನ್ನೂ ಸ್ವಲ್ಪ ಜೀವ ಇರೋ ಸೆಲ್ಲು ಬೇಕು. ಸಿಗುತ್ತಾ?”

“ಎಷ್ಟು ಮಕ್ಳು?”

“ಮೂವತ್ತನಾಲ್ಕು. ನಿಮ್ಮ ಮಗಳೂ ಸೇರಿ.”

ಓದಿದವರೊಬ್ಬರು ಅಕ್ಕಾ ಎಂದರು. ತಂತಿಯಕ್ಕ ಕೂತಲ್ಲಿಂದಲೇ ಒಂದು ಗೋಣಿಚೀಲ ಎಳೆದು ಟೀಚರಿಗೆ ಹಾಸಿಕೊಟ್ಟಳು.

ಆ ವಾರವೆಲ್ಲ ಅವಳು ಗುಜರಿ ರಾಶಿಯಲ್ಲಿ ಕೈಯಾಡಿಸಿದಳು. ಮುರಿದ ಟಾರ್ಚುಗಳ ಬಲ್ಬು ಬಿಚ್ಚಿ, ಒಂದೊಂದನ್ನೂ ಆಕಾಶಕ್ಕೆ ಹಿಡಿದು, ಒಳಗಿನ ಕೂದಲೆಳೆಯಂಥ ತಂತಿ ತುಂಡಾಗಿದೆಯೋ ಇಲ್ಲವೋ ನೋಡಿದಳು. ಜನ ಎಸೆದ ಗಡಿಯಾರ, ರಿಮೋಟು, ಆಟದ ಕಾರುಗಳ ಹೊಟ್ಟೆಯಿಂದ ಸೆಲ್ಲು ತೆಗೆದು, ಸತ್ತದ್ದು ಯಾವುದು, ಉಸಿರಿರುವುದು ಯಾವುದು ಎಂದು ಬೇರೆ ಮಾಡಿದಳು. ವೈರನ್ನು ಗೇಣುದ್ದ ಕತ್ತರಿಸಿದಳು. ತುದಿ ಸುಲಿಯಲಿಲ್ಲ. ಅದನ್ನು ಮಕ್ಕಳೇ ಸುಲಿಯಲಿ ಎಂದುಕೊಂಡಳು. ಆದರೆ ಮಕ್ಕಳ ಕೈಗೆ ಬ್ಲೇಡು ಕೊಡುವಂತಿಲ್ಲ. ಯೋಚಿಸಿ ಯೋಚಿಸಿ, ಉಗುರು ಕತ್ತರಿಸುವ ಕಟ್ಟರಿನಿಂದ ವೈರನ್ನು ಮೆಲ್ಲಗೆ ಕಚ್ಚಿಸಿ ಎಳೆದು ನೋಡಿದಳು. ಸಿಪ್ಪೆ ಅಂಗಿ ಬಿಚ್ಚಿದ ಹಾಗೆ ಬಂತು. ಒಬ್ಬಳೇ ಕೂತು ನಕ್ಕಳು. ಚೀಲ ಹೊತ್ತು ಶಾಲೆಗೆ ಹೋಗಿ ಇಷ್ಟನ್ನೂ ಟೀಚರಿಗೆ ತೋರಿಸಿದಾಗ ಅವರು, “ನಂಗೆ ಇದೆಲ್ಲ ಗೊತ್ತೇ ಇಲ್ಲ ಅಕ್ಕಾ. ನೀವೇ ಬಂದು ಕಲಿಸಿ,” ಎಂದರು.

ಶನಿವಾರ ಹೋದಳು. ಹೆಡ್‌ಮೇಷ್ಟ್ರು ಬಾಗಿಲಲ್ಲೇ ನಿಂತಿದ್ದರು.

“ಸಾಮಾನು ಕೊಟ್ಟು ಹೋದ್ರೆ ಸಾಕಾಗಿತ್ತು.”

“ಇವ್ರೇ ಪಾಠ ಮಾಡ್ತಾರೆ ಸಾರ್,” ಎಂದರು ಟೀಚರ್.

ಹೆಡ್‌ಮೇಷ್ಟ್ರು ಅವಳ ಕೈ ನೋಡಿದರು, ಕಾಲು ನೋಡಿದರು. ಮುಖ ನೋಡಲಿಲ್ಲ. ಒಳಗೆ ಎರಡು ನಿಮಿಷ ಕುರ್ಚಿಯ ಮೇಲೆ ಕೂತು ಎದ್ದಳು. ಅವಳು ಎದ್ದದ್ದೇ ತಡ, ಜವಾನ ಬಂದು ಕುರ್ಚಿಗೆ ಫಿನಾಯಿಲ್ ಬಟ್ಟೆ ಎಳೆದ. ಮಕ್ಕಳ ಎದುರಿಗೇ ಎಳೆದ. ಚೂಟಿಯ ಎದುರಿಗೂ ಎಳೆದ. ತಂತಿಯಕ್ಕ ಮತ್ತೆ ಕುರ್ಚಿಯ ಗೊಡವೆಗೆ ಹೋಗಲಿಲ್ಲ, ನೆಲದ ಮೇಲೆ ಕೂತಳು. ಟೀಚರೂ ನೆಲಕ್ಕೆ ಕೂತರು. ಮಕ್ಕಳಿಗೆ ಹಬ್ಬವೇ ಆಯಿತು, ಬೆಂಚು ಬಿಟ್ಟು ಎಲ್ಲರೂ ಸುತ್ತ ನೆರೆದರು.

“ಇದು ಸೆಲ್ಲು. ಇದಕ್ಕೆ ತಲೆ ಒಂದು, ಬುಡ ಒಂದು. ಕರೆಂಟು ಒಂದು ಕಡೆಯಿಂದ ಹೊರಡುತ್ತೆ. ಬಲ್ಬಿನ ಮನೆಗೆ ಹೋಗುತ್ತೆ. ಆಮೇಲೆ?”

“ಅಲ್ಲೇ ಇರುತ್ತೆ!” ಎಂದ ಒಬ್ಬ.

“ಅಲ್ಲೇ ಇದ್ರೆ ಅವರಮ್ಮ ಬೈಯಲ್ವೇನೋ? ವಾಪಸ್ ಬರ್ಬೇಕು. ಹೋದ ದಾರಿಯಲ್ಲಿ ಅಲ್ಲ, ಇನ್ನೊಂದು ದಾರಿಯಲ್ಲಿ. ಬರೋ ದಾರಿ ಇಲ್ಲ ಅಂದ್ರೆ ಅದು ಹೊರಡೋದೇ ಇಲ್ಲ. ಅಷ್ಟು ಹಟಮಾರಿ.”

ಮಕ್ಕಳು ಉಗುರು ಕಟ್ಟರಿನಿಂದ ವೈರು ಸುಲಿದರು. ಕೆಲವರು ವೈರನ್ನೇ ತುಂಡು ಮಾಡಿದರು. ಅವಳು ಹಿಂದೆ ಕೂತು, ಅವರ ಕೈ ಹಿಡಿದು, ಎಷ್ಟು ಒತ್ತಬೇಕು ಎಂದು ತೋರಿಸಿದಳು. ಒಬ್ಬ ಹುಡುಗಿ ಮೊದಲು ಕೈ ಹಿಂದೆ ಎಳೆದುಕೊಂಡಳು. ಆಮೇಲೆ ಬಲ್ಬು ಹತ್ತುವ ಆಸೆಗೆ ತಾನಾಗಿಯೇ ಕೊಟ್ಟಳು. ಬಟ್ಟೆಗೆ ಹಾಕುವ ಕ್ಲಿಪ್ಪಿನ ಎರಡು ತುಟಿಗೂ ತಾಮ್ರ ಸುತ್ತಿ ಸ್ವಿಚ್ಚು ಮಾಡಿದರು. ಕ್ಲಿಪ್ಪು ಬಾಯಿ ಮುಚ್ಚಿದರೆ ಬೆಳಕು, ತೆರೆದರೆ ಕತ್ತಲೆ. ನಾಲ್ಕನೇ ತರಗತಿಯಲ್ಲಿ ಬಾಯಿ ಮುಚ್ಚಿದ್ದಕ್ಕೆ ಸಂತೋಷಪಟ್ಟದ್ದು ಅದೇ ಮೊದಲು ಎಂದು ಟೀಚರ್ ತಮಾಷೆ ಮಾಡಿದರು.

ಹೀಗೆ ನಾಲ್ಕು ಶನಿವಾರ. ಅರ್ಧ ದಿನದ ಕೆಲಸ ಬಿಟ್ಟು ಹೋಗುತ್ತಿದ್ದಳು. ಬೀದಿಯಲ್ಲಿ ಮಕ್ಕಳು “ತಂತಿ ಟೀಚರ್!” ಎಂದು ಕೂಗಿ ಓಡಿಹೋಗುತ್ತಿದ್ದರು. ಮೊದಲೆಲ್ಲ ಅವಳು ದಾರಿಯ ಅಂಚಿನಲ್ಲಿ ನಡೆಯುತ್ತಿದ್ದಳು. ಈಗ ನಡುವೆ ನಡೆದಳು.

ಪಾಠ ಮುಗಿದ ಮೇಲೆ ಟೀಚರ್ ಅವಳ ಜೊತೆ ಗುಜರಿ ಸಾಲಿಗೂ ಬರುತ್ತಿದ್ದರು. ಗುಜರಿ ಅಂಗಡಿಯ ಹಿಂದುಗಡೆ ಹದಿನಾಲ್ಕು ತಗಡಿನ ಮನೆಗಳು, ಅದೇ ಗುಜರಿ ಸಾಲು. ಟೀಚರ್ ಒಂದೊಂದು ಸಲ ಒಂದೊಂದು ಮನೆಯಲ್ಲಿ ಕೂತು ಚಾ ಕುಡಿದರು. ದರ್ಜಿಯ ಮನೆಯಲ್ಲಿ ಕುಡಿದರು. ಬಾಣಂತಿಯ ಮಗುವನ್ನು ಎತ್ತಿ ಆಡಿಸಿದರು. ಉಬ್ಬಸದಜ್ಜ ಕೊಳವೆಯನ್ನು ಮೂಗಿಗೆ ಹಿಡಿದು ಔಷಧಿಯ ಆವಿ ಎಳೆಯುವ ಮಿಷನ್ನು ನೋಡಿ, “ಇದಕ್ಕೆ ಕರೆಂಟು?” ಎಂದು ಕೇಳಿದರು.

ಕರೆಂಟು ಬರುತ್ತಿದ್ದುದು ಕಂಬದಿಂದ. ಸುತ್ತಿ ಬಳಸಿ ಹೇಳುವುದೇನು, ಕೊಂಡಿ ಹಾಕಿದ್ದರು. ಮೀಟರು ಕೊಡಿ ಎಂದು ಹನ್ನೊಂದು ಸಲ ಅರ್ಜಿ ಕೊಟ್ಟಾಗಿತ್ತು. ಕರೆಂಟು ಆಫೀಸಿನವರು, ನಿಮ್ಮ ಮನೆಗೆ ನಂಬರಿಲ್ಲ, ನಂಬರು ತನ್ನಿ ಎಂದರು. ನಂಬರಿನ ಆಫೀಸಿನವರು, ನೀವು ಅಲ್ಲಿ ವಾಸವಿರುವುದಕ್ಕೆ ಸಾಕ್ಷಿ ಏನು, ಕರೆಂಟು ಬಿಲ್ಲು ತನ್ನಿ ಎಂದರು. ಹದಿನಾಲ್ಕು ಮನೆಯವರು ಎರಡು ಆಫೀಸಿನ ನಡುವೆ ಚಪ್ಪಲಿ ಸವೆಸಿದರು.

ಮೊದಲು ಸಾಲಿನವರು ಮನಸ್ಸಿಗೆ ಬಂದ ಹಾಗೆ ಕೊಂಡಿ ಹಾಕಿದ್ದರು. ಒಂದು ಮಳೆಗಾಲ ಅಂಥದೊಂದು ಬರಿಮೈ ಜಾಯಿಂಟು ತಂತಿಯಕ್ಕನ ತಮ್ಮನನ್ನು ಹಿಡಿದುಕೊಂಡಿತು. ಇಪ್ಪತ್ತು ವರ್ಷದ ಹುಡುಗ. ಹೆಣ ಎತ್ತಿದ ಮೂರನೇ ದಿನ ಅವಳು ಎಲ್ಲ ವೈರನ್ನೂ ಕಿತ್ತುಹಾಕಿ ಹೊಸದಾಗಿ ಎಳೆದಳು. ಒಳ್ಳೆ ವೈರು ಆರಿಸಿದಳು. ಎರಡೆರಡು ಮನೆಗೆ ಒಂದು ಫ್ಯೂಸು ಇಟ್ಟಳು. ಜಾಯಿಂಟುಗಳಿಗೆ ಟೇಪು ಸುತ್ತಿ ಡಬ್ಬಿಯೊಳಗೆ ಮುಚ್ಚಿದಳು. ಆಮೇಲೆ ಆ ಸಾಲಿನಲ್ಲಿ ಯಾರಿಗೂ ಶಾಕ್ ಹೊಡೆಯಲಿಲ್ಲ. ಇದನ್ನೆಲ್ಲ ಅವಳು ಟೀಚರಿಗೆ ಹೇಳಿದಳು. ತಮ್ಮನ ಸುದ್ದಿ ಹೇಳುವಾಗ ಟೀಚರ್ ಅವಳ ಕಪ್ಪು ಕೈ ಹಿಡಿದುಕೊಂಡು ಅತ್ತರು. ನಿಜವಾಗಿಯೂ ಅತ್ತರು. ಅದೇ ಈ ಕಥೆಯಲ್ಲಿ ನುಂಗಲಾರದ ಸಂಗತಿ.

ನಾಲ್ಕನೇ ಶನಿವಾರ ಟೀಚರ್ ಹೋಮ್‌ವರ್ಕ್ ಕೊಟ್ಟರು. ‘ಮನೆಗೆ ಕರೆಂಟ್ ಬರುವ ದಾರಿ’ ಚಿತ್ರ ಬರೆದು ತನ್ನಿ ಎಂದರು.

ತಂತಿಯಕ್ಕ ಮಕ್ಕಳೆಲ್ಲ ಹೋಗುವವರೆಗೂ ಕಾದು ಕೇಳಿದಳು.

“ಟೀಚರ್, ನಮ್ಮ ಮನೆ ದಾರಿ ನಿಮಗೆ ಗೊತ್ತಲ್ಲ. ಚೂಟಿ ಏನು ಬರೀಬೇಕು?”

“ಇದ್ದದ್ದು ಇದ್ದ ಹಾಗೇ ಬರೀಲಿ ಅಕ್ಕಾ. ಮಕ್ಕಳಿಗೆ ಸುಳ್ಳು ಬರಿ ಅಂತ ಹೇಳೋಕಾಗುತ್ತಾ?”

“ಯಾರಾದ್ರೂ ನೋಡಿದ್ರೆ?”

“ನನ್ನ ಮೇಜು ಬಿಟ್ಟು ಆಚೆ ಹೋಗಲ್ಲ. ಮಾತು ಕೊಡ್ತೀನಿ. ಅಕ್ಕಾ ಅಂತ ಸುಮ್ನೆ ಕರೀತೀನಾ ನಾನು?”

ಅವಳು ನಂಬಿದಳು. ನಂಬದೆ ಏನು ಮಾಡಿಯಾಳು? ಹನ್ನೊಂದು ವರ್ಷದಲ್ಲಿ ಎದುರಿಗೆ ಕೂತು ಮಾತಾಡಿದ ಓದಿದವರು ಇವರೊಬ್ಬರೇ.

ಸಂಜೆ ಚೂಟಿ ಹೊಟ್ಟೆ ಅಡಿಮಾಡಿ ನೆಲದ ಮೇಲೆ ಮಲಗಿ ಬರೆದಳು. ಕಂಬ, ಕೊಂಡಿ, ಹದಿನಾಲ್ಕು ಚೌಕ, ಹೋಗುವ ವೈರು ಕೆಂಪು, ಬರುವ ವೈರು ನೀಲಿ. ತಂತಿಯಕ್ಕ ಒಲೆಯ ಮುಂದಿನಿಂದ ಬಗ್ಗಿ ನೋಡಿದಳು. ನೋಡಿ ಸುಮ್ಮನಿರಲು ಆಗಲಿಲ್ಲ. ಕೆಲಸ ಗೊತ್ತಿರುವವರಿಗೆ ತಪ್ಪು ಕಂಡರೆ ಕೈ ತುರಿಸುತ್ತದೆ.

“ದರ್ಜಿ ಮನೆ ಹಿಂದಿನ ಜಾಯಿಂಟು ಬಿಟ್ಟಿದೀಯಲ್ಲೇ! ತಗಡಿನ ಅಡಿ ಒಂದು ಡಬ್ಬಿ ಇಲ್ವಾ? ಅಲ್ಲಿಂದ ತಾನೇ ಅಜ್ಜನ ಮನೆಗೆ ಹೋಗೋದು?”

“ಅದು ಕಾಣ್ಸಲ್ವಲ್ಲಮ್ಮಾ.”

“ಕಾಣ್ಸಲ್ಲ ಅಂದ್ರೆ ಇಲ್ಲ ಅಂತಾನಾ? ಕೊಡಿಲ್ಲಿ.”

ಮಗಳ ಪೆನ್ಸಿಲು ತೆಗೆದುಕೊಂಡು ತಾನೇ ಬರೆದಳು. ಜಾಯಿಂಟು ಬರೆದಳು, ಏಳು ಫ್ಯೂಸು ಬರೆದಳು. ಎಲ್ಲಿ ವೈರು ಗೋಡೆ ಹತ್ತುತ್ತದೆ, ಎಲ್ಲಿ ಇಳಿಯುತ್ತದೆ, ಎಲ್ಲ ತೋರಿಸಿದಳು. ಹೆಸರು ಬರೆಯಲು ಬಾರದ ಕೈ ಅಷ್ಟು ಚೊಕ್ಕ ಗೆರೆ ಎಳೆಯಿತು. ಮುಗಿದ ಮೇಲೆ ತಾಯಿ ಮಗಳು ಹಾಳೆಯನ್ನು ದೂರ ಹಿಡಿದು ನೋಡಿ ಹಿಗ್ಗಿದರು.

ಸೋಮವಾರ ಉಳಿದ ಮಕ್ಕಳು ತಂದ ಚಿತ್ರಗಳಲ್ಲಿ ಒಂದು ಗೋಡೆ, ಒಂದು ಸ್ವಿಚ್ಚು, ಒಂದು ಬಲ್ಬು. ವೈರು ಗೋಡೆಯೊಳಗೆ ಹೋಗಿ ಮುಗಿಯುತ್ತಿತ್ತು. ಮನೆಯಲ್ಲಿ ಮೀಟರು ಇದ್ದವರಿಗೆ ಕರೆಂಟು ಎಲ್ಲಿಂದ ಬರುತ್ತದೆ ಎಂದು ತಿಳಿಯುವ ಅಗತ್ಯವೇ ಬಿದ್ದಿರಲಿಲ್ಲ. “ಇಡೀ ಕ್ಲಾಸಲ್ಲಿ ದಾರಿ ಗೊತ್ತಿರೋದು ಇವಳೊಬ್ಬಳಿಗೇ,” ಎಂದರು ಟೀಚರ್. ಹಾಳೆಯ ಮೂಲೆಯಲ್ಲಿ ಕೆಂಪು ನಕ್ಷತ್ರ ಬರೆದರು. ಚೂಟಿ ಆ ದಿನ ಮನೆಗೆ ನಡೆದು ಬರಲಿಲ್ಲ, ಓಡಿಬಂದಳು.

ಎಂಟು ದಿನ ಕಳೆಯಿತು. ಒಂಬತ್ತನೇ ದಿನ ಬೆಳಿಗ್ಗೆ ಜೀಪು ಬಂತು.

ಏಣಿ ಹೊತ್ತ ನಾಲ್ವರು ಲೈನ್‌ಮನ್‌ಗಳು ಇಳಿದರು. ಹಿಂದೆಯೂ ಎರಡು ಸಲ ಬಂದವರೇ, ಹುಡುಕಿ ಹುಡುಕಿ ಸುಸ್ತಾಗಿ ಹೋಗಿದ್ದರು. ಈ ಸಲ ಹುಡುಕಲಿಲ್ಲ. ಮೊದಲು ಕಂಬ, ಆಮೇಲೆ ಒಂದನೇ ಫ್ಯೂಸು, ಎರಡನೇ ಫ್ಯೂಸು, ಹೀಗೆ ಸಾಲಾಗಿ ಕಿತ್ತರು. ಒಬ್ಬ ನೇರವಾಗಿ ದರ್ಜಿಯ ಮನೆಯ ಹಿಂದಕ್ಕೆ ಹೋಗಿ, ತಗಡು ಎತ್ತಿ, ಡಬ್ಬಿ ಹೊರಗೆಳೆದ. ಆ ಡಬ್ಬಿ ಅಲ್ಲಿರುವುದು ದರ್ಜಿಗೇ ಗೊತ್ತಿರಲಿಲ್ಲ.

ತಂತಿಯಕ್ಕ ಜೀಪಿನ ಹತ್ತಿರ ಹೋದಳು. ಬಾನೆಟ್ಟಿನ ಮೇಲೆ, ಹಾರದಂತೆ ಕಲ್ಲು ಇಟ್ಟು, ಒಂದು ಜೆರಾಕ್ಸ್ ಹಾಳೆ ಹರಡಿದ್ದರು. ಕಂಬ, ಕೊಂಡಿ, ಹದಿನಾಲ್ಕು ಚೌಕ. ಮೂಲೆಯಲ್ಲಿ ನಕ್ಷತ್ರ. ಕೆಂಪು ನಕ್ಷತ್ರ ಜೆರಾಕ್ಸಿನಲ್ಲಿ ಕಪ್ಪಾಗಿತ್ತು.

ಒಂದೊಂದು ಚೌಕದ ಪಕ್ಕದಲ್ಲೂ ಸಣ್ಣ ಅಕ್ಷರ ಇತ್ತು. ದರ್ಜಿ ಓದಿದ. ಇದು ನನ್ನ ಮನೆ ಅಂತಿದೆ, ಇದು ಬಾಣಂತಿ ಮನೆ, ಇದು ಅಜ್ಜನದು. ಓದಿ ತಲೆಯೆತ್ತಿದ.

“ಇದ್ಯಾರು ಬರೆದದ್ದು?”

ಜನರ ಕಾಲಿನ ಸಂದಿಯಿಂದ ಚೂಟಿ ನುಗ್ಗಿ ಬಂದಳು. ನೋಡಿದ ಕೂಡಲೇ, “ಅಮ್ಮಾ, ಇದು ನಂದು!” ಎಂದಳು. ಆಮೇಲೆ ಬಗ್ಗಿ ನೋಡಿ ದನಿ ತಗ್ಗಿಸಿ, “ನಾನು ಬರೀ ಚೌಕ ಹಾಕಿದ್ದೆ. ಈ ಅಕ್ಷರ ನಂದಲ್ಲ. ಟೀಚರದ್ದು,” ಎಂದಳು.

ಮೊದಲ ಮಾತು ಎಲ್ಲರಿಗೂ ಕೇಳಿಸಿತು. ಎರಡನೆಯದು ಅಮ್ಮನಿಗೆ ಮಾತ್ರ.

“ಚೆನ್ನಾಗಿ ಬರೀತಾಳೆ ಬಿಡು ನಿನ್ನ ಮಗಳು,” ಎಂದ ದರ್ಜಿ. ಅವನ ಮಿಷನ್ನಿನ ಮೋಟರು ನಿಂತುಹೋಗಿತ್ತು. “ನಮ್ಮನ್ನೆಲ್ಲ ಹಿಡಿದುಕೊಟ್ಟು ನಕ್ಷತ್ರ ತಗೊಂಡಳು.”

ಬಾಣಂತಿ ಮಗುವನ್ನು ಎದೆಗವಚಿಕೊಂಡು ಮುಖ ತಿರುಗಿಸಿದಳು. ಲೈನ್‌ಮನ್‌ಗಳು ವೈರನ್ನು ಸುರುಳಿ ಸುತ್ತಿ ಜೀಪಿಗೆ ತುಂಬಿದರು. ತಂತಿಯಕ್ಕ ಒಂದೊಂದೇ ಮೊಳ ಆರಿಸಿ ಎಳೆದ ವೈರು. ಉಬ್ಬಸದಜ್ಜನನ್ನು ಮಧ್ಯಾಹ್ನ ಗುಜರಿ ಗಾಡಿಯಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ತಳ್ಳಿಕೊಂಡು ಹೋದರು. ಗಾಡಿಯಲ್ಲಿ ಮಲಗಿಯೇ ಅವನು, “ಮಗೂನ ಬೈಬೇಡ್ರೋ,” ಎಂದ. ಅದನ್ನು ಹೇಳಲೂ ಅವನಿಗೆ ಉಸಿರು ಸಾಲಲಿಲ್ಲ.

ಚೂಟಿ ಊಟ ಮಾಡಲಿಲ್ಲ. ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಳು. “ನಾನೇ ಅಲ್ವಾಮ್ಮಾ ಮಾಡಿದ್ದು?” ಎಂದಳು. ಅಲ್ಲ ಎಂದು ಅಮ್ಮ ಹತ್ತು ಸಲ ಹೇಳಿದಳು. ಅಮ್ಮಂದಿರು ಹಾಗೆ ಹೇಳುತ್ತಾರೆ ಎಂದು ಮಕ್ಕಳಿಗೆ ಗೊತ್ತಿರುತ್ತದೆ.

ಮಾರನೇ ದಿನ ತಂತಿಯಕ್ಕ ಶಾಲೆಗೆ ಹೋದಳು. ಇಲ್ಲಿಯವರೆಗೆ ಟೀಚರ್ ಬಂದರು, ಹೋದರು ಎಂದು ಮರ್ಯಾದೆ ಕೊಟ್ಟು ಹೇಳಿದ್ದಾಯಿತು. ಇನ್ನು ಸಾಕು. ಟೀಚರ್ ಖಾಲಿ ತರಗತಿಯಲ್ಲಿ ಒಬ್ಬಳೇ ಕೂತಿದ್ದಳು. ಇವಳನ್ನು ನೋಡಿ ಎದ್ದು ನಿಂತಳು.

“ಅಕ್ಕಾ, ನಾನು ಗೋಡೆಗೆ ಹಾಕಿದ್ದೆ ಅಷ್ಟೇ. ಚೆನ್ನಾಗಿತ್ತು ಅಂತ. ಕರೆಂಟ್ ಆಫೀಸಿನ ಇಂಜಿನಿಯರ್ ಸಾಹೇಬ್ರು ಸ್ಕೂಲಿಗೆ ಬಂದಾಗ ನೋಡಿಬಿಟ್ರು.”

“ಅಕ್ಷರ ಯಾರದು?”

ಟೀಚರ್ ತಲೆ ತಗ್ಗಿಸಿದಳು.

“ಹೆಡ್‌ಮೇಷ್ಟ್ರು ಕೂರಿಸಿ ಬರೆಸಿದ್ರು. ಸಾಹೇಬ್ರ ಆಫೀಸಿಂದ ಸ್ಕೂಲಿಗೆ ವಿಜ್ಞಾನದ ಕೋಣೆ ಕೊಡ್ತಿದಾರೆ. ನನ್ನ ಕೆಲಸ ಇನ್ನೂ ಪರ್ಮನೆಂಟ್ ಆಗಿಲ್ಲ ಅಕ್ಕಾ. ಬರೆಯಲ್ಲ ಅಂದಿದ್ರೆ...”

“ಯಾರ ಮನೆ ಯಾವುದು ಅಂತ ಹೆಡ್‌ಮೇಷ್ಟ್ರಿಗೆ ಗೊತ್ತಿತ್ತಾ?”

“ಇಲ್ಲ.”

“ನಿಮಗೆ ಹೇಗೆ ಗೊತ್ತಾಯ್ತು?”

ಒಂದೊಂದು ಮನೆಯ ಚಾ ಕುಡಿದು ಗೊತ್ತಾದದ್ದು. ಟೀಚರ್ ಅಳತೊಡಗಿದಳು. ಆ ಕಣ್ಣೀರನ್ನು ತಂತಿಯಕ್ಕ ಹಿಂದೊಮ್ಮೆ ನೋಡಿದ್ದಳು. ಅಗ್ಗದ ಸಾಮಾನು ಎಂದು ಆಗ ಗೊತ್ತಾಗಿರಲಿಲ್ಲ.

“ಅಳಬೇಡಿ. ನಂಗೆ ಕಂಬದ ಕರೆಂಟು ನೀವು ವಾಪಸ್ ತಂದುಕೊಡೋಕಾಗಲ್ಲ, ಗೊತ್ತು. ಒಂದೇ ಒಂದು ಕೆಲಸ ಮಾಡಿ. ನನ್ನ ಮಗಳು ತಾನೇ ಎಲ್ಲರನ್ನ ಹಿಡಿದುಕೊಟ್ಟೆ ಅಂದ್ಕೊಂಡು ಕೂತಿದಾಳೆ. ಸಾಲಿನವರೂ ಹಾಗೇ ಅಂತಿದಾರೆ. ಹೆಸರು ಬರೆದುಕೊಟ್ಟದ್ದು ನಾನು, ಮಗು ಅಲ್ಲ ಅಂತ ಎಲ್ಲರ ಮುಂದೆ ಒಂದು ಮಾತು ಹೇಳಿ. ಸಾಕು.”

“ಹೇಳ್ತೀನಿ ಅಕ್ಕಾ. ಶುಕ್ರವಾರ ಕೋಣೆ ಉದ್ಘಾಟನೆ ಇದೆ. ನಿಮ್ಮ ಸಾಲಿನವರನ್ನೆಲ್ಲ ಕರ್ಕೊಂಡು ಬನ್ನಿ. ಅಲ್ಲೇ ಹೇಳ್ತೀನಿ.”

ಎರಡನೇ ಸಲವೂ ನಂಬಿದಳು. ದಡ್ಡಿ ಎನ್ನುವವರು ಎನ್ನಲಿ. ಮಗಳ ಮುಖ ನೋಡಿದ್ದರೆ ಅವರೂ ನಂಬುತ್ತಿದ್ದರು.

ಮನೆ ಮನೆಗೆ ಹೋಗಿ ಕರೆದಳು. ದರ್ಜಿ ಗೊಣಗುತ್ತ ಹೊರಟ. ಬಾಣಂತಿ ಮಗುವನ್ನು ಹೊತ್ತು ಹೊರಟಳು. ಒಟ್ಟು ಹನ್ನೆರಡು ಜನ ಹೋಗಿ ಅಂಗಳದ ಕಟ್ಟಕಡೆಯಲ್ಲಿ ನಿಂತರು. ಕುರ್ಚಿ ಖಾಲಿ ಇದ್ದವು. ಅವರಿಗೆ ಕೂರಿ ಎಂದು ಯಾರೂ ಹೇಳಲಿಲ್ಲ.

ವೇದಿಕೆಯ ಮೇಲೆ ಇಂಜಿನಿಯರ್ ಸಾಹೇಬ, ಹೆಡ್‌ಮೇಷ್ಟ್ರು. ಮೇಜಿನ ಮೇಲೆ ಹೊಸ ಸೆಲ್ಲು, ಹೊಸ ಬಲ್ಬು, ಹೊಸ ವೈರು ತುಂಬಿದ ಗಾಜಿನ ಮುಚ್ಚಳದ ಪೆಟ್ಟಿಗೆ. ಟೀಚರ್ ಮೈಕಿನ ಮುಂದೆ ಬಂದು ಚೂಟಿಯನ್ನು ಪಕ್ಕಕ್ಕೆ ಕರೆದು ನಿಲ್ಲಿಸಿಕೊಂಡಳು. ತಂತಿಯಕ್ಕ ದರ್ಜಿಯ ಕಡೆ ನೋಡಿದಳು. ಈಗ ಹೇಳುತ್ತಾಳೆ.

ಟೀಚರ್ ಹಾಳೆ ಬಿಚ್ಚಿ ಓದಿದಳು.

“ತಪ್ಪು ತನ್ನ ಮನೆಯಲ್ಲೇ ನಡೆಯುತ್ತಿದ್ದರೂ ಮುಚ್ಚಿಡದೆ ತಿಳಿಸುವುದು ದೊಡ್ಡ ಗುಣ. ನಮ್ಮ ಈ ಪುಟ್ಟ ವಿದ್ಯಾರ್ಥಿನಿ ತಮ್ಮ ಬೀದಿಯ ವಿದ್ಯುತ್ ಕಳ್ಳತನವನ್ನು ತಾನಾಗಿಯೇ ಮುಂದೆ ಬಂದು, ಚಿತ್ರ ಬರೆದು ತೋರಿಸಿದ್ದಾಳೆ. ಆದ್ದರಿಂದ ಈ ವರ್ಷದ ಪ್ರಾಮಾಣಿಕತೆಯ ಪ್ರಶಸ್ತಿ ಇವಳಿಗೆ.”

ಚಪ್ಪಾಳೆ ಬಿತ್ತು. ಓದುವಾಗ ಟೀಚರ್ ಒಮ್ಮೆಯೂ ಅಂಗಳದ ಕೊನೆಗೆ ಕಣ್ಣು ಹಾಯಿಸಲಿಲ್ಲ. ತಂತಿಯಕ್ಕ ಕಳ್ಳತನ ತನ್ನ ತಲೆಗೆ ಬಿದ್ದರೆ ಹೊರುತ್ತಿದ್ದಳು. ಇವರು ಮಗುವಿನ ಹಣೆಗೆ ಚಾಡಿಕೋರಳು ಎಂದು ಬರೆದು, ಚೌಕಟ್ಟು ಹಾಕಿಸಿ, ಕೈಗೆ ಕೊಡುತ್ತಿದ್ದರು.

ಇಂಜಿನಿಯರ್ ಸಾಹೇಬ ಪ್ರಶಸ್ತಿ ನೀಡಿ, ಬಗ್ಗಿ, “ಭೇಷ್! ದೊಡ್ಡವಳಾಗಿ ಏನಾಗ್ತೀಯಾ?” ಎಂದು ಕೇಳಿದ.

ಚೂಟಿ ಮೈಕಿನಲ್ಲೇ ಹೇಳಿದಳು.

“ನಾನು ಚಾಡಿ ಹೇಳಿಲ್ಲ. ಅದು ಹೋಮ್‌ವರ್ಕು.”

ಮುಂದಿನ ಕುರ್ಚಿಗಳಲ್ಲಿ ಕೂತವರು ನಕ್ಕರು. ಮಗು ಮುದ್ದಾಗಿ ಮಾತಾಡಿತು ಎಂದುಕೊಂಡರು. ಹೆಡ್‌ಮೇಷ್ಟ್ರು ಮೈಕಿಗೆ ಕೈ ಅಡ್ಡ ಹಿಡಿದರು. ಅಷ್ಟರಲ್ಲಿ ತಂತಿಯಕ್ಕ ಕುರ್ಚಿಗಳ ನಡುವೆ ನಡೆದುಬಂದಿದ್ದಳು. ಗುಜರಿ ಸಂತೆಯಲ್ಲಿ ಕೂಗಿ ಪಳಗಿದ ಗಂಟಲು, ಮೈಕು ಬೇಕಿರಲಿಲ್ಲ.

“ಸುಳ್ಳು! ನನ್ನ ಮಗಳು ಯಾರನ್ನೂ ಹಿಡಿದುಕೊಟ್ಟಿಲ್ಲ. ಕೊಟ್ಟ ಪಾಠ ಬರೆದಳು. ಆ ಚಿತ್ರ ತಿದ್ದಿದವಳು ನಾನು. ಆ ವೈರು ಎಳೆದವಳೂ ನಾನೇ. ಚೌಕದ ಪಕ್ಕ ಯಾರ್ಯಾರ ಮನೆ ಅಂತ ಬರೆದುಕೊಟ್ಟವರು ಇಲ್ಲಿ ನಿಂತಿದಾರೆ, ಈ ಟೀಚರ್!”

“ಅಕ್ಕಾ, ದಯವಿಟ್ಟು...” ಎಂದಳು ಟೀಚರ್.

“ಆ ಮಾತು ಬಿಡಿ. ಅಕ್ಕ ಅಂದವರ ಮನೆ ದೀಪ ಯಾರೂ ಕಿತ್ತುಕೊಂಡು ಹೋಗಲ್ಲ.” ಇಂಜಿನಿಯರನ ಕಡೆ ತಿರುಗಿದಳು. “ಸಾಹೇಬ್ರೇ, ಹನ್ನೊಂದು ಅರ್ಜಿ ಕೊಟ್ಟಿದೀವಿ. ಅದನ್ನ ಓದೋಕೆ ನಿಮಗೆ ಪುರುಸೊತ್ತಾಗ್ಲಿಲ್ಲ. ನಾಲ್ಕನೇ ಕ್ಲಾಸಿನ ಮಗುವಿನ ಹೋಮ್‌ವರ್ಕು ಮಾತ್ರ ಎಂಟೇ ದಿನದಲ್ಲಿ ಓದಿಬಿಟ್ರಿ.”

ಈ ಸಲ ಯಾರೂ ನಗಲಿಲ್ಲ. ಜವಾನ ಅವಳ ತೋಳು ಹಿಡಿಯಲು ಬಂದ. ಹಿಂದಿನಿಂದ ದರ್ಜಿ, “ಕೈ ತೆಗಿ!” ಎಂದು ಗದರಿದ. ಸಾಲಿನವರು ಆಗಲೇ ವೇದಿಕೆಯವರೆಗೂ ಬಂದಿದ್ದರು. ಚೂಟಿ ಪ್ರಶಸ್ತಿಯನ್ನು ಮೇಜಿನ ಮೇಲೆ ಮಕಾಡೆ ಇಟ್ಟು ಮೆಟ್ಟಿಲಿಳಿದಳು. ದರ್ಜಿ ಅವಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಕ್ಷಮಿಸು ಎನ್ನಲು ಅವನಿಗೆ ನಾಲಗೆ ಹೊರಳಲಿಲ್ಲ, ಹೆಗಲೇ ಹೇಳಿತು.

ಸಾಲಿಗೆ ದೀಪ ಬರಲಿಲ್ಲ. ಅಜ್ಜನನ್ನು ದಿನಕ್ಕೆರಡು ಸಲ ಗಾಡಿಯಲ್ಲಿ ತಳ್ಳಿಕೊಂಡು ಹೋಗುವುದು ತಪ್ಪಲಿಲ್ಲ. ಅಂಗಳದಲ್ಲಿ ನಾಲ್ಕು ಮಾತು ಕೂಗಿದರೆ ಕರೆಂಟು ಬರುವುದಿಲ್ಲ.

ಸೋಮವಾರ ಬೆಳಿಗ್ಗೆ ಚೂಟಿ ಚೀಲ ಮುಟ್ಟಲಿಲ್ಲ. “ನಾನು ಹೋಗಲ್ಲ,” ಎಂದಳು. ತಂತಿಯಕ್ಕ ಅವಳ ತಲೆ ಬಾಚಿ ಜಡೆ ಹೆಣೆದಳು. ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡಳು. ಕೈ ಹಿಡಿದು ನಡೆಸಿಕೊಂಡು ಹೋದಳು.

ಹೆಡ್‌ಮೇಷ್ಟ್ರು ಕಾಯುತ್ತಿದ್ದವರ ಹಾಗೆ ಬಾಗಿಲಿಗೆ ಬಂದರು. ಕೈಯಲ್ಲಿ ಒಂದು ಕಾಗದ.

“ಇಷ್ಟೆಲ್ಲ ಆದ್ಮೇಲೆ ಮಗೂಗೂ ಇಲ್ಲಿ ಮುಜುಗರ. ಬೇರೆ ಸ್ಕೂಲ್ ನೋಡ್ಕೊಳ್ಳಿ. ಟಿ.ಸಿ. ನಾನೇ ಬರೆದಿಟ್ಟಿದೀನಿ. ತಗೊಳ್ಳಿ, ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ.”

ಅವಳು ಕೈ ಚಾಚಲಿಲ್ಲ.

“ನಾನು ಕೇಳಿದ್ನಾ?”

“ಕೇಳದೆ ಇದ್ರೂ...”

“ಮುಜುಗರ ನಮಗಲ್ಲ ಸಾರ್. ದಾರಿ ಬಿಡಿ.”

ಕಾಗದ ಅವರ ಕೈಯಲ್ಲೇ ಉಳಿಯಿತು. ಅವಳು ಚಪ್ಪಲಿ ಕಾಲಿನಲ್ಲೇ ವರಾಂಡ ದಾಟಿ ನಾಲ್ಕನೇ ತರಗತಿಯೊಳಗೆ ಹೋದಳು. ಮಕ್ಕಳ ಗದ್ದಲ ನಿಂತಿತ್ತು. ಟೀಚರ್ ಮೇಜಿಗೆ ಕೈಯೂರಿ ನಿಂತಿದ್ದಳು. ತಂತಿಯಕ್ಕ ಮಗಳನ್ನು ಮೊದಲನೇ ಬೆಂಚಿನಲ್ಲಿ, ಸರಿಯಾಗಿ ಮೇಜಿನ ಎದುರಿಗೆ ಕೂರಿಸಿದಳು. ಚೀಲ ಪಕ್ಕದಲ್ಲಿಟ್ಟಳು.

“ಇವಳು ಇಲ್ಲೇ ಕೂರ್ತಾಳೆ,” ಎಂದಳು. ದನಿ ಏರಿಸಲಿಲ್ಲ. “ಈ ವರ್ಷ ಪೂರ್ತಿ. ನೀವು ಇವಳ ಮುಖ ನೋಡ್ಕೊಂಡೇ ಪಾಠ ಮಾಡ್ಬೇಕು. ದಿನಾ.”

ತಂತಿಯಕ್ಕ ಬಾಗಿಲಿಗೆ ಬಂದು ಅಲ್ಲಿಯೇ ನಿಂತಳು. ಟೀಚರ್ ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಕಡೆ ತಿರುಗಿ ತಾರೀಕು ಬರೆದಳು. ಅದರ ಕೆಳಗೆ ಒಂದು ಗೆರೆ ಎಳೆದಳು. ಗೆರೆಯ ಮೇಲೆ ಇನ್ನೊಂದು ಸಲ ಎಳೆದಳು. ಬೆನ್ನ ಹಿಂದೆ ಮೂವತ್ತನಾಲ್ಕು ಮಕ್ಕಳು ಪುಸ್ತಕ ಬಿಚ್ಚಿಟ್ಟುಕೊಂಡು ಕಾಯುತ್ತಿದ್ದರು. ಮೊದಲನೇ ಬೆಂಚಿನಲ್ಲಿ ಚೂಟಿ ತಲೆಯೆತ್ತಿ ಕೂತಿದ್ದಳು. ಪಾಠ ಮಾಡಬೇಕೆಂದರೆ ಟೀಚರ್ ಈ ಕಡೆ ತಿರುಗಲೇಬೇಕಿತ್ತು.